ಅಡುಗೆಮನೆಗೆ ಬಂದ ಬಾಗಿಲು

ಪಂಪಾಪತಿಯ ಮನೆಯ ಮುಂಬಾಗಿಲು ನಮ್ಮ ಅಡುಗೆಮನೆಯ ಗೋಡೆಗೆ ಬಂದು ಕೂತಾಗ ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಹಿಂದುಗಡೆ ದಡದಡ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಡಬ್ಬಿಗಳೆಲ್ಲ ನೆಲದ ಮೇಲೆ. ಅವನ್ನು ಇಟ್ಟಿದ್ದ ಹಲಗೆ ಮುರಿದು ಎರಡು ಹೋಳು. ಕಡಲೆಹಿಟ್ಟು, ಅರಿಸಿನ, ಉಪ್ಪು ಎಲ್ಲ ಒಂದರೊಳಗೊಂದು ಬೆರೆತು ರಾಶಿಯಾಗಿದ್ದವು. ಗೋಡೆಯಲ್ಲಿ ಸಾಗುವಾನಿ ಬಾಗಿಲು ಹಿತ್ತಾಳೆಯ ಗುಬುಟುಗಳ ಸಮೇತ ನಿಂತಿತ್ತು. ಹೊಸ್ತಿಲಿಗೆ ಇಟ್ಟ ಕುಂಕುಮ ಇನ್ನೂ ಹಸಿಯಾಗಿತ್ತು, ಮೇಲೆ ಮಾವಿನೆಲೆಯ ತೋರಣವೂ ಇತ್ತು. ಯಾರ ಬಾಗಿಲೆಂದು ಕೇಳಬೇಕಾಗಿರಲಿಲ್ಲ. ನಮ್ಮ ಓಣಿಯಲ್ಲಿ ಅಂಥ ಗುಬುಟುಗಳಿದ್ದದ್ದು ಬಟ್ಟೆ ಅಂಗಡಿಯ ಪಂಪಾಪತಿಯ ಬಾಗಿಲಿಗೆ ಮಾತ್ರ. ಉಪದೇಶಿಯ ಹೆಂಡತಿ ಆಡಬಾರದ ಒಂದು ಮಾತು ನನ್ನ ಬಾಯಿಂದ ಬಂತು. ಸಾಸಿವೆಯೂ ಸೀದು ಹೋಯಿತು.

ನಮ್ಮ ಊರಿನಲ್ಲಿ ಹಾಗೆ. ಒಬ್ಬನು ಇನ್ನೊಬ್ಬನಿಗೆ ಅನ್ಯಾಯ ಮಾಡಿದರೆ, ಮಾಡಿದವನ ಬಾಗಿಲು ಎದ್ದು ಅನ್ಯಾಯಕ್ಕೆ ಒಳಗಾದವನ ಮನೆಗೆ ಹೋಗುತ್ತದೆ. ಬೀದಿಯಿಂದ ನೋಡಿದರೆ ಅವನ ಮನೆಗೆ ಬರೀ ಬೋಳು ಗೋಡೆ. ಒಳಗಿನಿಂದ ನೋಡಿದರೆ ಬಾಗಿಲು ಇದ್ದಲ್ಲಿಯೇ ಇರುತ್ತದೆ, ತೆರೆದರೆ ಮಾತ್ರ ಎದುರಿಗೆ ಬೀದಿ ಇರುವುದಿಲ್ಲ, ಅನ್ಯಾಯಕ್ಕೆ ಒಳಗಾದ ಇವರ ಮನೆ ಇರುತ್ತದೆ. ಅಲ್ಲಿಂದಾಚೆಗೆ ಅವನ ಮನೆಯವರು ಹೋಗುವುದೂ ಬರುವುದೂ ಇವರ ಮನೆಯೊಳಗಿಂದಲೇ. ಹಿತ್ತಲ ಬಾಗಿಲಿಟ್ಟು ಪಾರಾಗಬಹುದೆಂದು ಕೆಲವರು ನೋಡಿದರು, ಅದೂ ಮುಂಬಾಗಿಲಿನ ಹಿಂದೆಯೇ ಹೊರಟುಹೋಯಿತು. ಚಿಲಕ ಇವರ ಕಡೆಗೆ ಇರುತ್ತದೆ. ಇವರು ಚಿಲಕ ಜಡಿಯುತ್ತಾರೆ, ಅವರು ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು ಕಾಯಿಪಲ್ಲೆ ತೆಗೆದುಕೊಳ್ಳುತ್ತಾರೆ. ಒಂದೆರಡು ದಿನಕ್ಕೆ ಬೇಸತ್ತು ಒಳಗಿನಿಂದ "ತಪ್ಪಾತು" ಅನ್ನುತ್ತಾರೆ, ಕೆಡಿಸಿದ್ದನ್ನು ಸರಿಮಾಡುತ್ತಾರೆ, ಬಾಗಿಲು ತನ್ನ ಜಾಗಕ್ಕೆ ಮರಳುತ್ತದೆ. ತೂಕದಲ್ಲಿ ಮೋಸ ಮಾಡಿದ ಎಣ್ಣೆ ಅಂಗಡಿಯವನ ಬಾಗಿಲು ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ವಾಪಸು ಹೋದದ್ದೂ ಉಂಟು. ಹೆಣ್ಣು ಕೊಡುವವರು ಮೊದಲು ನೋಡುವುದು ಗಂಡಿನ ಮನೆಗೆ ಬಾಗಿಲಿದೆಯೋ ಇಲ್ಲವೋ ಎಂದು.

ಅದಕ್ಕೇ ಇಲ್ಲಿ ಮನೆ ಕಟ್ಟುವಾಗ ಒಂದು ಗೋಡೆಯನ್ನು ಖಾಲಿ ಬಿಡುತ್ತಾರೆ, ಬಂದ ಬಾಗಿಲು ಅಲ್ಲಿ ಕೂರಲಿ ಎಂದು. ನಮ್ಮ ಮನೆಯ ಬಾಗಿಲಗೋಡೆ ಅಡುಗೆಮನೆಯಲ್ಲಿತ್ತು. ಅದಕ್ಕೆ ಹಲಗೆ ಹೊಡೆಸಿದವಳು ನಾನೇ. ಊರಿಗೆಲ್ಲ ಪ್ರಾರ್ಥನೆ ಮಾಡಿಕೊಂಡು, ಕಾಯಿಲೆ ಬಿದ್ದವರ ಮನೆಗೆ ಗಂಜಿ ಹೊತ್ತುಕೊಂಡು ಓಡಾಡುವ ನಮಗೆ ಯಾರು ಅನ್ಯಾಯ ಮಾಡುತ್ತಾರೆ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕಬೇಕು.

ಪಂಪಾಪತಿ ಮಾಡಿದ್ದು ಇಷ್ಟು. ಅವನ ಅಂಗಡಿಯ ಹಿಂದೆಯೇ ನಮ್ಮ ಪ್ರಾರ್ಥನಾಮಂದಿರ. ಅವನಿಗೆ ಗೋದಾಮಿಗೆ ಜಾಗ ಬೇಕಾಗಿತ್ತು. ಪುರಸಭೆಗೆ ಹೋಗಿ, ಅಲ್ಲಿ ಮಂದಿರ ಎನ್ನುವುದು ಇರಲೇ ಇಲ್ಲ, ಅದು ಗಾಡಿದಾರಿ, ಕ್ರೈಸ್ತರು ಯಾರಿಗೂ ಗೊತ್ತಾಗದಂತೆ ಕಟ್ಟಿಕೊಂಡರು ಎಂದು ಹೇಳಿಬಂದ. ಅವನ ಸ್ವಂತ ಅಜ್ಜನೇ ಎತ್ತು ಹೂಡಿ ಆ ಮಂದಿರಕ್ಕೆ ಕಲ್ಲು ತಂದುಕೊಟ್ಟದ್ದು ಊರಿಗೆಲ್ಲ ಗೊತ್ತು. ಆದರೂ ಪುರಸಭೆಯವರು ಬಂದು ಬೀಗ ಹಾಕಿ ಮುದ್ರೆ ಒತ್ತಿ ಹೋದರು. ವಿಚಾರಣೆಯ ದಿನ ಪಂಪಾಪತಿ ಬಂದು ಪ್ರಮಾಣ ಮಾಡಿ ಅದೇ ಮಾತು ಹೇಳಿದರೆ ಕೆಡವುತ್ತಾರೆ, ಅವನು ಬರದೇ ಹೋದರೆ ಅರ್ಜಿ ವಜಾ.

ಪ್ರಾರ್ಥನೆಗೇನು, ಯಾರದಾದರೂ ಪಡಸಾಲೆಯಲ್ಲಿ ಮೊಣಕಾಲೂರಿದರಾಯಿತು. ನಮ್ಮ ಸಭೆಯೇ ಕೆಲವು ಮನೆಗಳದು. ಆದರೆ ಮಂದಿರದ ಹಿಂದೆ ಬೇವಿನ ಮರದ ಬುಡದಲ್ಲಿ ನಮ್ಮ ನವೋಮಿ ಇದ್ದಾಳೆ. ತನ್ನ ಜಡೆ ತಾನೇ ಹೆಣೆದುಕೊಳ್ಳಲು ಕಲಿಯುತ್ತಿದ್ದ ವಯಸ್ಸಿಗೆ ಜ್ವರ ಬಂದು ಹೋದಳು. ಒಬ್ಬಳೇ ಮಗಳು. ಅವಳ ಮೇಲೆ ಗೋದಾಮಿನ ನೆಲ ಹಾಕಿ, ಅದರ ಮೇಲೆ ಸೀರೆಗಳ ಗಂಟು ಒಟ್ಟುತ್ತಾರೆ ಎನ್ನುವುದು ನೆನಪಾದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ನನ್ನ ಸಂಕಟ ಅದೊಂದೇ. ಉಳಿದದ್ದೆಲ್ಲ ತಲೆನೋವು.

ಸದ್ದು ಕೇಳಿ ನಮ್ಮವರು ಅಂಗಳದಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಅವರ ಹೆಸರು ಜ್ಞಾನಮಿತ್ರ, ಸಭೆಗೆ ಉಪದೇಶಿ. ಮಾತು ಕಡಿಮೆ. ನೆಲದ ಮೇಲಿನ ಉಪ್ಪು ನೋಡಿದರು, ಬಾಗಿಲು ನೋಡಿದರು, ಆಗಲೇ ಚಿಲಕಕ್ಕೆ ಹೋಗಿದ್ದ ನನ್ನ ಕೈ ನೋಡಿದರು.

"ಚಿಲಕ ಹಾಕಬ್ಯಾಡ, ರಾಹೇಲ."

"ಯಾಕ ಹಾಕಬಾರದು? ಊರಾಗ ಎಲ್ಲಾರೂ ಹಾಕ್ತಾರ. ನಾವೇನು ಮ್ಯಾಲಿಂದ ಇಳದು ಬಂದೇವೇನು?"

"ಒಳಗ ಅವನೊಬ್ಬನ ಇಲ್ಲ. ಅವನ ತಾಯಿ ಅದಾಳ, ಬಾಣಂತಿ ಸೊಸಿ ಅದಾಳ, ಕೂಸು ಐತಿ. ಅವರೇನು ಸುಳ್ಳು ಹೇಳ್ಯಾರ?"

"ಎಲ್ಲಾರ ಮನ್ಯಾಗೂ ಮುದುಕ್ಯಾರು ಕೂಸು ಇದ್ದ ಇರ್ತಾವ. ಅದಕ್ಕಂತ ಊರ ಪದ್ಧತಿ ಬಿಡಾಕ ಆಗತೈತೇನು?"

"ಕರ್ತ ಏನು ಹೇಳ್ಯಾನಂದ್ರ..."

"ಗೊತ್ತೈತ್ರಿ ಏನು ಹೇಳ್ಯಾನಂತ. ಆದ್ರ ಕರ್ತನ ಅಡಿಗಿಮನಿಗೆ ಯಾರ ಬಾಗಲಾನೂ ಬಂದಿದ್ದಿಲ್ಲ."

ಅವರು ಬಗ್ಗಿ ಡಬ್ಬಿಗಳನ್ನು ಎತ್ತಿಡತೊಡಗಿದರು. ಇವರ ಜೊತೆ ಜಗಳ ಆಡುವುದೂ ಕಷ್ಟ. ಅರ್ಧಕ್ಕೇ ಕೆಲಸ ಮಾಡಲು ಶುರುಮಾಡಿಬಿಡುತ್ತಾರೆ.

ಸಂಜೆಗೆ ಸಭೆಯ ಹಿರಿಯ, ಕಮ್ಮಾರ ಸಮುವೇಲಪ್ಪ ಬಂದ. ಬಾಗಿಲನ್ನು ನೋಡಿ ಅವನ ಮುಖ ಅರಳಿತು. "ದೇವರ ಕಳಿಸ್ಯಾನ ನೋಡ್ರಿ ಅಯ್ಯನವರ! ಚಿಲಕ ಜಡೀರಿ. ನಾಳಿ ಹೊತ್ತು ಮುಳುಗೂದರಾಗ ಅವನ ಬಂದು ಮುದ್ರಿ ಕಿತ್ತು ಕೊಡ್ತಾನ. ಇದು ಸೇಡಲ್ಲ, ಊರ ಕಾಯ್ದೆ."

"ಸೇಡು ಬ್ಯಾಡ. ಹಂಗಂತ ಸುಮ್ಮನೂ ಕುಂದ್ರೂದಿಲ್ಲ" ಎಂದರು ನಮ್ಮವರು. "ಖರೇ ಏನೈತೋ ಅದನ್ನ ದಿನಾ ಪುರಸಭೆಗೆ ಹೋಗಿ ಹೇಳೂಣು. ಅವನ ಮುಖಕ್ಕೂ ಹೇಳೂಣು. ಬಾಗಲಾ ಮಾತ್ರ ತೆರದಿರಲಿ."

ಸಮುವೇಲಪ್ಪ ನನ್ನ ಕಡೆ ನೋಡಿದ. ನಾನು ಅರಿಸಿನ ಬೆರೆತ ಉಪ್ಪನ್ನು ಮೊರದಲ್ಲಿ ಕೇರುತ್ತಿದ್ದೆ. ಕೇರಿದರೆ ಅದು ಬೇರೆಯಾಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಸಿಟ್ಟಿಗೆ ಕೇರುತ್ತಿದ್ದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದು ಪಂಪಾಪತಿ ನಮ್ಮ ಅಡುಗೆಮನೆಗೆ ಇಳಿದ. ಚಿಲಕ ಹಾಕಿರುತ್ತಾರೆ ಎಂದುಕೊಂಡು ಜೋರಾಗಿ ತಳ್ಳಿದ್ದನೆಂದು ಕಾಣುತ್ತದೆ, ಮುಗ್ಗರಿಸಿ ಒಲೆಯ ಹತ್ತಿರ ಬಂದು ನಿಂತ. ದಪ್ಪ ಆಳು, ಇಸ್ತ್ರಿ ಮಾಡಿದ ಧೋತರ, ಕಾಲಲ್ಲಿ ಕಿರುಗುಟ್ಟುವ ಚಪ್ಪಲಿ. ನಮ್ಮವರು ಮಣೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಎದ್ದು ನಿಂತು ಹೇಳಿದರು: "ಪಂಪಾಪತಿಯವರ, ನೀವು ಹೇಳಿದ್ದು ಸುಳ್ಳು. ಚಹಾ ಕುಡೀರಿ."

ಅವನಿಗೆ ಯಾವುದಕ್ಕೆ ಉತ್ತರ ಕೊಡಬೇಕೆಂದು ತಿಳಿಯಲಿಲ್ಲ. ಕುಡಿಯದೆ ಹೋದ. ಸಂಜೆ ನಮ್ಮ ಮುಂಬಾಗಿಲಿಂದ ಬಂದು ಅಡುಗೆಮನೆ ದಾಟುವಾಗಲೂ ಇವರದು ಅದೇ ಮಾತು. ಬೆಳಿಗ್ಗೆ, ಸಂಜೆ, ದಿನವೂ. ದನಿ ಎತ್ತುತ್ತಿರಲಿಲ್ಲ, ಒಂದು ಅಕ್ಷರ ಬಿಡುತ್ತಲೂ ಇರಲಿಲ್ಲ. ನೀವು ಹೇಳಿದ್ದು ಸುಳ್ಳು, ಚಹಾ ಕುಡೀರಿ. ಆ ಚಹಾ ಮಾಡುವವಳು ನಾನು! ಶತ್ರುವನ್ನು ಪ್ರೀತಿಸುವುದು ಇವರ ಪಾಲಿಗೆ, ಲೋಟ ತೊಳೆಯುವುದು ನನ್ನ ಪಾಲಿಗೆ.

ಪಂಪಾಪತಿ ಒಬ್ಬನೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಅವನ ಹಿಂದೆ ಹಾಲಿನವಳು, ಅಗಸರವನು, ಬಾಣಂತಿಗೆ ಎಣ್ಣೆ ಹಚ್ಚುವವಳು, ಸೊಸೆಯ ತವರಿನ ಕಡೆಯವರು ಬುತ್ತಿ ಗಂಟುಗಳ ಜೊತೆ. ಎಲ್ಲರೂ ನನ್ನ ಒಲೆಯ ಮಗ್ಗುಲಿಂದಲೇ. ಸಾರಿಸಿದ ನೆಲ ಮಧ್ಯಾಹ್ನಕ್ಕೆ ಸಂತೆಯಾಗುತ್ತಿತ್ತು. ದಿನಾ ಪ್ರಾರ್ಥನೆಯಲ್ಲಿ ನಾನು ಬೇಡಿಕೊಳ್ಳುತ್ತಿದ್ದದ್ದು ಒಂದೇ, ಕರ್ತನೇ, ಇವರ ಮನಸ್ಸು ತೊಳೆಯುವುದು ಆಮೇಲಾಗಲಿ, ಮೊದಲು ಕಾಲು ತೊಳೆಸು ಎಂದು. ಒಂದು ದಿನ ಒಣಮೀನು ಹುರಿಯುತ್ತಿದ್ದೆ. ಪಂಪಾಪತಿ ಮೂಗಿಗೆ ಧೋತರದ ಚುಂಗು ಹಿಡಿದು, "ಅಮ್ಮಾವ್ರ, ನಾವು ಅಡ್ಡಾಡೂ ಹೊತ್ತಿನ್ಯಾಗರ ಇದನ್ನ ಮಾಡಬ್ಯಾಡ್ರಿ" ಎಂದ. ನನ್ನ ಒಲೆ, ನನ್ನ ಮೀನು, ನನ್ನ ಮನೆ! ಕೈಯಲ್ಲಿದ್ದ ಸೌಟು ಮೇಲೆ ಹೋಗಿತ್ತು. ನಮ್ಮವರು ಕೆಮ್ಮಿದರು. ಸೌಟು ಇಳಿಸಿದೆ, ಆದರೆ ಮೀನು ಇಳಿಸಲಿಲ್ಲ.

ತನ್ನ ಬೋಳು ಗೋಡೆ ಬೀದಿಗೆ ಕಾಣದಂತೆ ಅವನು ತಾಡಪತ್ರಿ ಕಟ್ಟಿಸಿದ. ಕೇಳಿದವರಿಗೆ ಸುಣ್ಣ ಹಚ್ಚಿಸುತ್ತಿದ್ದೇನೆ ಎನ್ನುತ್ತಿದ್ದ. ಸುಣ್ಣಕ್ಕೆ ಎಷ್ಟು ದಿನ ಬೇಕು ಎಂದು ಜನ ನಗಲು ಶುರುಮಾಡಿದ ಮೇಲೆ ಹೊಸ ಮಾತು ಹುಟ್ಟಿಸಿದ. ಕ್ರೈಸ್ತರು ಪ್ರಾರ್ಥನೆ ಮಾಡಿ ಬಾಗಿಲು ಎಳೆಯುತ್ತಾರೆ, ಅವರ ಮನೆಯ ಶಿಲುಬೆಯ ಕೆಳಗೆ ನಡೆದಾಡಿಸಿ ಮಂದಿಯನ್ನು ತಮ್ಮ ಮತಕ್ಕೆ ಸೇರಿಸಿಕೊಳ್ಳುತ್ತಾರೆ, ಎಂದು. ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಪ್ರಾರ್ಥನೆಗೆ ಅಷ್ಟು ಶಕ್ತಿಯಿದ್ದರೆ ಎಳೆಯಲು ಇವನ ಬಾಗಿಲೇ ಬೇಕಾಗಿತ್ತೆ? ಅಂಗಳಕ್ಕೆ ಒಂದು ನೀರಿನ ನಲ್ಲಿ ಎಳೆದುಕೊಳ್ಳುತ್ತಿದ್ದೆ.

ಆದರೆ ಮಾತು ಹಬ್ಬಿತು. ಒಂದಷ್ಟು ಜನ ಬಂದು ಮನೆಯ ಮುಂದೆ ನಿಂತು ಬಾಯಿಗೆ ಬಂದಂತೆ ಕೂಗಿದರು. ಬಿಸಿಲು ಸುಡುತ್ತಿತ್ತು. ನಮ್ಮವರು ಮಜ್ಜಿಗೆಯ ಕೊಡವನ್ನೇ ಎತ್ತಿಕೊಂಡು ಹೊರಗೆ ಹೋದರು. ರಾತ್ರಿಯ ಊಟಕ್ಕೆಂದು ಇಟ್ಟಿದ್ದ ಮಜ್ಜಿಗೆ! "ನೀವು ಹೇಳೂದು ಸುಳ್ಳು, ಅಣ್ಣಾರ. ಆದ್ರ ಬಿಸಲು ಭಾಳ ಐತಿ, ಕುಡೀರಿ" ಎಂದರು. ಕೆಲವರು ಕುಡಿದರು. ಕುಡಿದು ಮತ್ತೆ ಕೂಗಿದರು. ಒಬ್ಬ ಲೋಟವನ್ನು ಗೋಡೆಗೆ ಎಸೆದ. ಆ ತಗ್ಗು ಬಿದ್ದ ಲೋಟ ಈಗಲೂ ನಮ್ಮ ಮನೆಯಲ್ಲಿದೆ, ನೆಲದ ಮೇಲಿಟ್ಟರೆ ಓಲಾಡುತ್ತದೆ.

ಅದರ ಜೊತೆಗೆ ಇನ್ನೊಂದು. ಪಂಪಾಪತಿಯ ಮಾತು ಸುಳ್ಳೆಂದು ಗೊತ್ತಿದ್ದೂ ಅದನ್ನು ಚಂದವಾಗಿ ಬರೆದುಕೊಟ್ಟಿದ್ದ ಪುರಸಭೆಯ ಗುಮಾಸ್ತ ಶೇಷಗಿರಿಯ ಬಾಗಿಲು ನಮ್ಮ ಬಚ್ಚಲಿಗೆ ಬಂತು. ಬಾಗಿಲಗೋಡೆ ತುಂಬಿಹೋಗಿದ್ದರಿಂದ ಸಿಕ್ಕಲ್ಲಿ ನುಗ್ಗಿತ್ತು. ನಾನು ಮೈಮೇಲೆ ನೀರು ಸುರಿದುಕೊಳ್ಳುವಾಗ ಆಚೆಯಿಂದ, "ಆತೇನ್ರಿ ಅಮ್ಮಾವ್ರ? ಆಫೀಸಿಗೆ ಹೊತ್ತಾತು" ಎಂದು ಬಡಿಯುತ್ತಿದ್ದ. ಸ್ನಾನದ ಹೊತ್ತಿಗೆ ಚಿಲಕ ಹಾಕಿಕೊಳ್ಳಲು ನಮ್ಮವರೂ ಒಪ್ಪಿದ್ದರು. ಆ ದಿನಗಳಲ್ಲಿ ನಾನು ಮಾಡಿದಷ್ಟು ನಿಧಾನವಾದ ಸ್ನಾನ ಊರಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ಶಿಲುಬೆಯ ಮಾತನ್ನು ಹುಟ್ಟಿಸಿದ ಮೇಲೆ ಪಂಪಾಪತಿ ಅದಕ್ಕೆ ತಕ್ಕಂತೆ ನಡೆಯಬೇಕಾಯಿತು. ನಮ್ಮ ಅಡುಗೆಮನೆಯಿಂದ ಪಡಸಾಲೆಗೆ ಹೋಗುವ ಚೌಕಟ್ಟಿನ ಮೇಲೆ ಸಮುವೇಲಪ್ಪ ಮಾಡಿಕೊಟ್ಟ ಪುಟ್ಟ ಕಬ್ಬಿಣದ ಶಿಲುಬೆ ಇದೆ. ಅದರ ಕೆಳಗೆ ಬರುವಾಗ ತಲೆಗೆ ಮರೆಯಾಗಲೆಂದು ಅವನು ಕೊಡೆ ಬಿಚ್ಚಿಕೊಂಡು ನಡೆಯಲು ಶುರುಮಾಡಿದ. ಮನೆಯೊಳಗೆ! ಮೊದಲ ದಿನವೇ ಕೊಡೆಯ ಕಡ್ಡಿ ನನ್ನ ಈರುಳ್ಳಿ ಗೊಂಚಲಿಗೆ ಸಿಕ್ಕಿ ಈರುಳ್ಳಿಯೆಲ್ಲ ನೆಲದ ಮೇಲೆ ಉರುಳಿದವು. ಅವನು ಕೊಡೆಯ ಕೆಳಗೆ, ನಮ್ಮವರು ನೆಲದ ಮೇಲೆ ಈರುಳ್ಳಿ ಹೆಕ್ಕುತ್ತ: "ನೀವು ಹೇಳಿದ್ದು ಸುಳ್ಳು, ಪಂಪಾಪತಿಯವರ. ನೋಡಿ ಹೋಗ್ರಿ, ಕಾಲಾಗ ಉಳ್ಳಾಗಡ್ಡಿ ಅದಾವ."

ಆ ಬಾಗಿಲಿಂದ ಬಂದವರಲ್ಲಿ ನನಗೆ ತ್ರಾಸು ಕೊಡದವಳು ಅವನ ತಾಯಿ ನೀಲವ್ವ ಒಬ್ಬಳೇ. ದಿನಾ ಮಧ್ಯಾಹ್ನ ಹೊಸ್ತಿಲು ದಾಟಿ ಬಂದು ಒಲೆಯ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಬೀದಿ ಸುತ್ತಿ ಬರಲು ಅವಳ ಮೊಣಕಾಲಿಗೆ ಆಗುತ್ತಿರಲಿಲ್ಲ, ಈಗ ಒಂದೇ ಹೆಜ್ಜೆ. ಚಹಾಕ್ಕೆ ಬೆಲ್ಲ ಜಾಸ್ತಿ ಕೇಳುತ್ತಿದ್ದಳು. "ನಮ್ಮ ಮಾವನ ಎತ್ತು ಹೂಡಿ ಕಲ್ಲು ತಂದಿದ್ದವ್ವಾ. ನಾ ಹೊಸಾ ಸೊಸಿ, ಕಲ್ಲಿನ ಗಾಡಿಗೆ ಬುತ್ತಿ ಒಯ್ದು ಕೊಡತಿದ್ದೆ" ಎನ್ನುತ್ತಿದ್ದಳು.

"ಅದನ್ನ ನನಗ ಯಾಕ ಹೇಳ್ತೀರಿ? ನಿಮ್ಮ ಮಗಗ ಹೇಳ್ರಿ."

"ಹೇಳೀನಿ. ಅವನ ಕಿವಿ ಅಂಗಡ್ಯಾಗ ಇರ್ತಾವ, ಮನಿಗೆ ತರೂದಿಲ್ಲ."

ವಿಚಾರಣೆಯ ದಿನ ಬಂತು. ನಮ್ಮವರೂ ಸಮುವೇಲಪ್ಪನೂ ಬೆಳಿಗ್ಗೆಯೇ ಪುರಸಭೆಗೆ ಹೋದರು. ಹೊರಡುವಾಗ ನಮ್ಮವರು ನನ್ನ ಮುಖ ನೋಡಿದರು, ಚಿಲಕ ನೋಡಿದರು. ಅಡುಗೆಮನೆಯಲ್ಲಿ ಒಬ್ಬಳೇ ನಿಂತೆ. ಬಾಗಿಲಿನ ಆಚೆ ಪಂಪಾಪತಿ ಕೆಮ್ಮುವುದು, ಚಪ್ಪಲಿ ಹುಡುಕುವುದು ಕೇಳಿಸುತ್ತಿತ್ತು. ಇನ್ನೊಂದು ಗಳಿಗೆಗೆ ಕೊಡೆ ಬಿಚ್ಚಿಕೊಂಡು ನನ್ನ ಒಲೆಯ ಮುಂದೆಯೇ ಹಾದುಹೋಗಿ, ನನ್ನ ಮಗಳ ಮೇಲೆ ಗೋದಾಮು ಕಟ್ಟುವ ಮಾತು ಹೇಳಿ ಬರುತ್ತಾನೆ. ನಾನು ಬಾಗಿಲು ಹಿಡಿದು ಅವನನ್ನು ಕಳಿಸಿಕೊಡಬೇಕು. ಅವನು ಹೋಗದಿದ್ದರೆ ಅರ್ಜಿ ವಜಾ.

ಚಿಲಕ ಹಾಕಿದೆ. ನಿಜ ಹೇಳಬೇಕೆಂದರೆ ಬಹಳ ದಿನದಿಂದ ಅಷ್ಟು ಸಮಾಧಾನ ಆಗಿರಲಿಲ್ಲ.

ಅವನು ತಳ್ಳಿದ, ಬಡಿದ, "ಅಮ್ಮಾವ್ರ!" ಎಂದು ಕೂಗಿದ. ನಾನು ಈರುಳ್ಳಿ ಹೆಚ್ಚಿದೆ. ಸೊಸೆ ಕೂಗಿದಳು, ಕೂಸು ಅತ್ತಿತು. ನಾನು ಇನ್ನೊಂದು ಈರುಳ್ಳಿ ತೆಗೆದುಕೊಂಡೆ. ಊರಿನ ಪದ್ಧತಿ ಇದು, ನಾನು ಹೊಸದಾಗಿ ಹುಟ್ಟಿಸಿದ್ದಲ್ಲ. ಆಮೇಲೆ ನೀರು ತರೋಣ ಎಂದು ಕೊಡ ಎತ್ತಿಕೊಂಡು ಹೋಗಿ ನಮ್ಮ ಮುಂಬಾಗಿಲು ತೆರೆದೆ.

ಎದುರಿಗೆ ಬೀದಿ ಇರಲಿಲ್ಲ. ತೂಗುಮಣೆಯ ಮೇಲೆ ಕೂತು ನೀಲವ್ವ ನನ್ನನ್ನೇ ನೋಡುತ್ತಿದ್ದಳು. ಅದು ಪಂಪಾಪತಿಯ ಪಡಸಾಲೆ. ನಮ್ಮ ನೀಲಿ ಬಣ್ಣದ ಹಳೇ ಬಾಗಿಲು ಅವರ ಗೋಡೆಗೆ ಹೋಗಿ ಕೂತಿತ್ತು, ಅಲ್ಲಿ ತೂಗುಹಾಕಿದ್ದ ಅವರ ಅಜ್ಜನ ಫೋಟೋ ಬಿದ್ದು ಗಾಜು ಚೂರಾಗಿತ್ತು. ಪಂಪಾಪತಿ ಇಸ್ತ್ರಿಯ ಧೋತರ ಉಟ್ಟು, ಕೊಡೆ ಹಿಡಿದು, ಬಾಯಿ ತೆರೆದು ನಿಂತಿದ್ದ.

ನಾನು ಬಾಗಿಲು ಮುಚ್ಚಿ ಮತ್ತೆ ತೆರೆದೆ. ಅದೇ ಪಡಸಾಲೆ, ಅದೇ ನೀಲವ್ವ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅನ್ಯಾಯ ಮಾಡಿದವನು ಇವನು, ಬಾಗಿಲು ಹೋಗಿದ್ದು ನನ್ನದೂ! ಊರೆಲ್ಲ ಚಿಲಕ ಹಾಕುತ್ತದೆ, ಯಾರ ಬಾಗಿಲೂ ಹೋದದ್ದನ್ನು ನಾನು ಕಂಡಿರಲಿಲ್ಲ. ಹೋಗುವುದಾದರೆ ನನ್ನದೇ ಹೋಗಬೇಕಿತ್ತೆ? ಈಗ ಅವರ ಮನೆಯಿಂದ ಹೊರಟರೆ ನಮ್ಮ ಮನೆ, ನಮ್ಮ ಮನೆಯಿಂದ ಹೊರಟರೆ ಅವರ ಮನೆ. ಬೀದಿಗೆ ದಾರಿಯೇ ಇಲ್ಲ.

"ನಿಮ್ಮ ಬಾಗಲಾ ಇಲ್ಲಿಗೆ ಯಾಕ ಬಂತು?" ಎಂದ ಪಂಪಾಪತಿ.

"ನನ್ನೇನು ಕೇಳ್ತೀರಿ? ಬೇಕಾದ್ರ ಚಿಲಕ ಹಾಕಿಕೊಳ್ರಿ, ನಿಮ್ಮ ಕಡಿಗೇ ಐತಿ."

"ಹಾಕಿದ್ರ ನಾ ಹೊರಗ ಹೋಗೂದು ಹೆಂಗ? ವಿಚಾರಣಿಗೆ ಹೊತ್ತಾತು!"

"ಹೋಗಬ್ಯಾಡ್ರಿ!" ಎಂದೆ. ದನಿ ಕಿರುಚಿಕೊಂಡೇ ಬಂತು. "ಏನು ಹೇಳಾಕ ಹೋಗ್ತೀರಿ? ಮಂದಿರ ಇರಲಿಲ್ಲಂತ ಹೇಳಾಕ? ಆ ಬೇವಿನ ಗಿಡದ ಬುಡಕ ನನ್ನ ಮಗಳದಾಳ. ಅವಳ ಮ್ಯಾಲೆ ಸೀರಿ ಗಂಟು ಒಟ್ಟತೀರೇನು?"

ಅವನ ಮುಖ ಸಪ್ಪಗಾಯಿತು. "ಅಲ್ಲಿ... ನನಗ ಗೊತ್ತಿದ್ದಿಲ್ಲ."

"ಗೊತ್ತಿದ್ದಿಲ್ಲ? ನಿಮ್ಮ ತಾಯಿ ಬಂದು ಮಣ್ಣು ಹಾಕ್ಯಾರ, ಕೇಳ್ರಿ!"

ನೀಲವ್ವ ಹೌದೆಂದು ತಲೆಯಾಡಿಸಿದಳು. ಒಳಕೋಣೆಯಲ್ಲಿ ಕೂಸು ಅಳುತ್ತಲೇ ಇತ್ತು. ಹೊರಗೆ ಬೀದಿಯಲ್ಲಿ ಹಾಲಿನವಳು ನಮ್ಮ ಬೋಳು ಗೋಡೆಯ ಮುಂದೆ ನಿಂತು, "ಎಲ್ಲಿಂದ ಬರ್ಲಿ? ಎರಡೂ ಮನಿ ಬಾಗಲಾ ಎಲ್ಲಿ ಹ್ವಾದುವು?" ಎಂದು ಕೂಗುತ್ತಿದ್ದಳು. ನಾನು ಸುಮ್ಮನೆ ಕೂತರೆ ಸಾಕಾಗಿತ್ತು. ಇಡೀ ದಿನ ಕೂತರೆ ಅರ್ಜಿ ಬಿದ್ದುಹೋಗುತ್ತಿತ್ತು, ನವೋಮಿ ತನ್ನ ಪಾಡಿಗೆ ಮರದ ಕೆಳಗೆ ಇರುತ್ತಿದ್ದಳು. ನನ್ನ ಬಾಗಿಲು ಹೋದರೆ ಹೋಗಲಿ ಎಂದುಕೊಂಡು ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕೂತೂ ಬಿಟ್ಟೆ.

ಆಗ ನೀಲವ್ವ ಕೇಳಿದಳು, ಸಿಟ್ಟಿಲ್ಲದೆ, ಬರೀ ತಿಳಿಯದವಳ ಹಾಗೆ: "ನಮ್ಮ ಮ್ಯಾಲೆ ಯಾಕವ್ವಾ ಚಿಲಕ ಹಾಕಿದಿ, ರಾಹೇಲಾ?"

ಈ ಮನೆಯವರಿಗೆ ಮಾತಾಡಲು ಬೇರೆ ಹೊತ್ತೇ ಸಿಗುವುದಿಲ್ಲ. ಪದ್ಧತಿ ಎನ್ನಬಹುದಿತ್ತು. ಆದರೆ ದಿನಾ ನನ್ನ ಒಲೆಯ ಮುಂದೆ ಕೂತು ಬೆಲ್ಲ ಕೇಳುವ ಮುದುಕಿಗೆ ಪದ್ಧತಿಯ ಮಾತು ಹೇಗೆ ಹೇಳುವುದು? ಕರ್ತನ ಮೇಲೆ ಸಿಟ್ಟು ಬಂತು, ಗಂಡನ ಮೇಲೆ ಸಿಟ್ಟು ಬಂತು. ಇವರಿಬ್ಬರೂ ಸೇರಿ ನನ್ನನ್ನು ಯಾವುದಕ್ಕೂ ಬಾರದವಳನ್ನಾಗಿ ಮಾಡಿಟ್ಟಿದ್ದಾರೆ, ಊರಿನವರ ಹಾಗೆ ನೆಟ್ಟಗೆ ಒಂದು ಸೇಡು ತೀರಿಸಿಕೊಳ್ಳಲೂ ಬಾರದವಳು. ಕಣ್ಣಲ್ಲಿ ನೀರು ಬಂತು. ಎದ್ದು ಹೋಗಿ ನೀಲವ್ವನ ಕಾಲ ಹತ್ತಿರ ಕೂತೆ.

"ತಪ್ಪಾತ್ರಿ ಯಮ್ಮಾ. ನಿಮ್ಮ ಮ್ಯಾಲೆ, ನಿಮ್ಮ ಸೊಸಿ ಮ್ಯಾಲೆ, ಆ ಕೂಸಿನ ಮ್ಯಾಲೆ ಹಾಕಬಾರದಿತ್ತು. ನಿಮ್ಮ ಮಗನ ಮ್ಯಾಲಾದ್ರ ಹತ್ತು ಸಲ ಹಾಕ್ತಿದ್ದೆ."

ನೀಲವ್ವ ನನ್ನ ತಲೆಯ ಮೇಲೆ ಕೈಯಿಟ್ಟಳು. ನಾನು ಎದ್ದು ನಮ್ಮ ಮನೆಗೆ ಬಂದು ಅಡುಗೆಮನೆಯ ಚಿಲಕ ತೆಗೆದೆ. ಮುಂಬಾಗಿಲ ಕಡೆ ಸದ್ದಾಯಿತು. ತಿರುಗಿ ಹೋಗಿ ನೋಡಿದರೆ ಎದುರಿಗೆ ಬೀದಿ, ಬಿಸಿಲು, ಸೊಂಟದ ಮೇಲೆ ಕೈಯಿಟ್ಟು ನಿಂತ ಹಾಲಿನವಳು. ನನ್ನ ಬಾಗಿಲೇನೋ ಬಂತು. ಪಂಪಾಪತಿಗೂ ದಾರಿಯಾಯಿತು.

ಅವನು ಅಡುಗೆಮನೆಗೆ ಇಳಿದ. ನಾನು ಗೋಡೆಗೆ ಒರಗಿ ನಿಂತಿದ್ದೆ, ಮುಖ ನೋಡುವ ಮನಸ್ಸಿರಲಿಲ್ಲ. ಅವನು ದಾಟಿ ಹೋಗಲಿಲ್ಲ. ಕೊಡೆಯನ್ನು ಗೋಡೆಗೆ ಆನಿಸಿ ನಿಂತ.

"ಅಯ್ಯನವರು ಇಲ್ಲೇನು?"

"ಪುರಸಭ್ಯಾಗ ಅದಾರ. ನಿಮ್ಮ ದಾರಿ ಕಾಯಾಕತ್ತಾರ."

"ಇವತ್ತ ಯಾರೂ ಹೇಳಲಿಲ್ಲ."

"ಏನು ಹೇಳಲಿಲ್ಲ?"

"ಅದ. ದಿನಾ ಹೇಳೂದು."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ನನ್ನ ಕೈಲೆ ಆಗೂದಿಲ್ಲಪ್ಪಾ! ಚಹಾನೂ ನಾನ ಮಾಡಬೇಕು, ನೆಲಾನೂ ನಾನ ಒರಸಬೇಕು, ತಪ್ಪಾತಂತನೂ ನಾನ ಅನಬೇಕು. ಅದೊಂದಾದ್ರೂ ನೀವ ಹೇಳಿಕೊಳ್ರಿ!"

ಅವನು ನೆಲ ನೋಡಿದ. "ನಾ ಹೇಳಿದ್ದು ಸುಳ್ಳು" ಎಂದ. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ನಾನು ತಟ್ಟನೆ ಬಾಗಿಲ ಕಡೆ ನೋಡಿದೆ. ಎಳ್ಳಷ್ಟೂ ಅಲ್ಲಾಡಿರಲಿಲ್ಲ.

"ಇಲ್ಲಿ, ಈ ಒಲಿ ಮುಂದ ಹೇಳಿದ್ರ ಏನು ಬಂತು?" ಎಂದೆ. "ಸುಳ್ಳು ಎಲ್ಲಿ ಹೇಳೀರೋ ಅಲ್ಲಿ ಹೋಗಿ ಹೇಳ್ರಿ."

ಅವನು ಹೋದ. ಶಿಲುಬೆಯ ಕೆಳಗೇ ಹೋದ. ಕೊಡೆ ನನ್ನ ಗೋಡೆಗೆ ಆನಿಕೊಂಡೇ ಉಳಿಯಿತು.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ದೇವರಿಗೆ ಗೊತ್ತು. ಅಕ್ಕಿ ತೊಳೆದೆ, ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದೆ. ನೀಲವ್ವ ಎಂದಿನಂತೆ ಹೊಸ್ತಿಲು ದಾಟಿ ಬಂದು ಒಲೆಯ ಮುಂದೆ ಕಾಲು ಚಾಚಿ ಕೂತಳು. ಚಹಾ ಮಾಡಿ ಕೊಟ್ಟೆ. ಬೆಲ್ಲ ಸಾಲದು ಎಂದಳು. ಇಂಥ ಹೊತ್ತಿನಲ್ಲೂ ಬೆಲ್ಲ! ಗೊಣಗುತ್ತ ಬೆಲ್ಲದ ಡಬ್ಬಿಗೆ ಕೈಹಾಕಿದಾಗ ಬೆನ್ನ ಹಿಂದೆ ಗಾಳಿ ಬೀಸಿದಂತಾಯಿತು. ನೀಲವ್ವ "ಯವ್ವಾ!" ಎಂದಳು.

ತಿರುಗಿದೆ. ಗೋಡೆ ಬೋಳಾಗಿತ್ತು. ಬಾಗಿಲಿಲ್ಲ, ತೋರಣವಿಲ್ಲ. ನನ್ನ ಹಲಗೆಯ ಹಳೇ ಮೊಳೆಗಳ ತೂತು ಮಾತ್ರ ಇದ್ದಲ್ಲೇ ಇದ್ದವು. ಬೆಲ್ಲದ ಡಬ್ಬಿ ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಜೋರಾಗಿ ಅತ್ತೆ. ನೀಲವ್ವನೂ ಅತ್ತಳು. ಅತ್ತು ಮುಗಿದ ಮೇಲೆ, "ನಾ ಈಗ ಮನಿಗೆ ಹೋಗೂದು ಹೆಂಗ?" ಎಂದಳು.

ಅದೂ ನನ್ನ ಪಾಲಿಗೇ. ಒಲೆಯ ಬೆಂಕಿ ತಗ್ಗಿಸಿ ಅನ್ನದ ತಪ್ಪಲೆ ಮುಚ್ಚಿ, ಅವಳನ್ನು ಎಬ್ಬಿಸಿಕೊಂಡು ಹೊರಟೆ. ಹೊರಡುವಾಗ ಬಚ್ಚಲಲ್ಲಿ ಇಣುಕಿ ನೋಡಿದೆ. ಶೇಷಗಿರಿಯ ಬಾಗಿಲು ಅಲ್ಲೇ ಗಟ್ಟಿಯಾಗಿ ನಿಂತಿತ್ತು. ನಾಳೆಯೂ ಬಡಿಯುತ್ತಾನೆ, ಬಡಿಯಲಿ.

ಬಿಸಿಲಿಗೆ ಪಂಪಾಪತಿಯ ಕೊಡೆಯನ್ನೇ ಬಿಚ್ಚಿ ನೀಲವ್ವನ ತಲೆಯ ಮೇಲೆ ಹಿಡಿದೆ. ಅವಳು ನನ್ನ ತೋಳು ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ಓಣಿಯ ತಿರುವಿಗೆ ಬಂದಾಗ ನಿಂತು ಉಸಿರು ಬಿಟ್ಟಳು.

"ಇಷ್ಟು ದೂರ ಐತೇನವ್ವಾ ನಿಮ್ಮ ಮನಿ?"

"ಹೂಂ ಯಮ್ಮಾ, ದೂರ ಐತಿ. ಗಟ್ಟಿ ಹಿಡಕೊಳ್ರಿ."

ಅವರ ಮನೆಗೆ ಹೋಗುವ ದಾರಿ ಮಂದಿರದ ಮುಂದೆಯೇ. ಪುರಸಭೆಯ ಜವಾನ ಬಾಗಿಲಿನ ಮುದ್ರೆಯ ಅರಗನ್ನು ಕೆರೆಯುತ್ತಿದ್ದ. ಸಮುವೇಲಪ್ಪ ಅವನಿಗೆ ಹೀಗೆ ಕೆರಿ ಹಾಗೆ ಕೆರಿ ಎನ್ನುತ್ತಿದ್ದ. ನಮ್ಮವರು ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದವರು, ಕೊಡೆ ನೋಡಿ, ನೀಲವ್ವನನ್ನು ನೋಡಿ, ಮಂದಿರದ ಹಿಂದುಗಡೆ ಕೈ ತೋರಿಸಿದರು. ನೀಲವ್ವನನ್ನು ಮೆಟ್ಟಿಲ ಮೇಲೆ ಕೂರಿಸಿ ಹೋದೆ.

ಬೇವಿನ ಮರದ ಕೆಳಗೆ ಪಂಪಾಪತಿ ನಿಂತಿದ್ದ. ಚಪ್ಪಲಿಯನ್ನು ಗೋಡೆಯ ಹತ್ತಿರವೇ ಬಿಟ್ಟು ಬಂದಿದ್ದ. ಬೀಗ ಬಿದ್ದಾಗಿನಿಂದ ಯಾರೂ ಗುಡಿಸಿರಲಿಲ್ಲ, ಒಣಗಿದ ಎಲೆ ಬಿದ್ದು ಸಮಾಧಿಯ ಕಲ್ಲುಗಳೆಲ್ಲ ಮುಚ್ಚಿಹೋಗಿದ್ದವು. ಅವನು ಕಾಲ ಕೆಳಗೆ ನೋಡುತ್ತ ಎಲ್ಲಿ ಹೆಜ್ಜೆ ಇಡಬೇಕೆಂದು ತಿಳಿಯದೆ ನಿಂತಂತಿತ್ತು.

"ಎಲ್ಲಿ ಅದಾಳ್ರಿ, ಅಮ್ಮಾವ್ರ?" ಎಂದ.

ನಾನು ಕೊಡೆ ಮಡಿಚಿ, ಅದರ ತುದಿಯಿಂದ ಎಲೆ ಸರಿಸಿ ತೋರಿಸಿದೆ. ಅವನು ಗಾಬರಿಯಿಂದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

"ಇನ್ನೂ ಸ್ವಲ್ಪ ಹಿಂದಕ" ಎಂದೆ.

ಸರಿದ.